ಬರುತ್ತೇನೆಂದು ಹೇಳಿ ಬಾರದೆ ಹೋದರೆ

(ಗಿರಣಿ ಗೇಟಿನ ಎದುರಿನ ಬಯಲಿನಲ್ಲಿ ಭಾನುವಾರ ಸಂಜೆ ಕಾರ್ಮಿಕರು ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ಬೋನಸ್ಸಿನ ಮಾತು ಬೇಡ, ಅದನ್ನು ಮುಂದಿನ ವಾರ ಆಡೋಣ. ಹದಿನೈದು ದಿನಗಳಿಂದ ಈ ಊರಿನ ಚಹಾದಂಗಡಿಗಳಲ್ಲಿ ಒಂದು ಜಗಳ ನಡೆದಿದೆ. ಅರ್ಧ ಊರು ಒಂದು ಕಡೆ, ಅರ್ಧ ಊರು ಇನ್ನೊಂದು ಕಡೆ. ಆ ಜಗಳದಲ್ಲಿ ನಮ್ಮ ಹೆಸರೂ ಸೇರಿದೆ. ಸೇರಬೇಕಾದದ್ದೇ. ಆದುದರಿಂದ ನಾವೇ ಎದ್ದು ನಿಂತು ಹೇಳಿಬಿಡುವುದು ಒಳ್ಳೆಯದು.

ನಾವು ಮೇಷ್ಟರಾಗಿದ್ದಾಗ ನಮ್ಮ ಮುಂದೆ ಕುಳಿತು ಮಗ್ಗಿ ಕಲಿತ ಹುಡುಗ ಒಬ್ಬನಿದ್ದಾನೆ. ತಂದೆ ಗಿರಣಿಯಲ್ಲಿ ಬದಲಿ. ಪೇಟೆಯ ಒಬ್ಬ ಕಿರಾಣಿ ವ್ಯಾಪಾರಿ ಲೆಕ್ಕ ಬರೆಯಲು ಅವನನ್ನು ಗೊತ್ತುಮಾಡಿಕೊಂಡರು. ತಿಂಗಳಿಗೆ 14,000 ರೂಪಾಯಿ, ಒಂದನೆಯ ತಾರೀಖಿನಿಂದ ಬರತಕ್ಕದ್ದು. ಹುಡುಗ ಆಗಲೆಂದ. 2,000 ರೂಪಾಯಿ ಮುಂಗಡವನ್ನೂ ಇಸಿದುಕೊಂಡ. ಐದು ದಿನ ಕಳೆಯಿತು. ಪಕ್ಕದ ಜಿಲ್ಲೆಯ ನೂಲಿನ ಗಿರಣಿಯೊಂದರಿಂದ ಫೋನು ಬಂತು. ಉಗ್ರಾಣದಲ್ಲಿ ಗುಮಾಸ್ತೆಯ ಕೆಲಸ, 18,500 ರೂಪಾಯಿ, ಅದರ ಜೊತೆಗೆ ಪಿ.ಎಫ್., ಇ.ಎಸ್.ಐ.

ಅಪ್ಪ, ಅಮ್ಮ, ಮಗ ಮೂವರೂ ರಾತ್ರಿ ನಮ್ಮ ಮನೆಗೆ ಬಂದರು. ಅಪ್ಪ ಹೇಳಿದ್ದು: "ಕೊಟ್ಟ ಮಾತಿಗೆ ತಪ್ಪಿದರೆ ನಾಳೆ ಅದೇ ಅಂಗಡಿಯಲ್ಲಿ ನಮಗೆ ಉದ್ರಿ ಯಾರು ಕೊಡುತ್ತಾರೆ ಮೇಷ್ಟ್ರೇ?" ಅಮ್ಮ ಬಾಗಿಲ ಹತ್ತಿರ ಕುಳಿತವರು ಅಲ್ಲಿಂದಲೇ ಲೆಕ್ಕ ಹಾಕಿದರು: "ತಿಂಗಳಿಗೆ ನಾಲ್ಕೂವರೆ ಸಾವಿರ, ವರ್ಷಕ್ಕೆ ಐವತ್ತನಾಲ್ಕು ಸಾವಿರ. ಅಷ್ಟು ಬಿಟ್ಟುಕೊಡುವುದಕ್ಕೆ ನಾವು ಸಾಹುಕಾರರೇ?" ಹುಡುಗ ಮಾತನಾಡಲಿಲ್ಲ.

ನಾವು ಹೇಳಿದ್ದು ಇಷ್ಟು: "ಗಿರಣಿಯ ಕೆಲಸಕ್ಕೆ ಹೋಗು. ಆದರೆ ಬರಿಯ ಫೋನನ್ನು ನಂಬಿ ಇದ್ದ ಜಾಗ ಬಿಡಬೇಡ. ಕಾಗದ ಕೈಗೆ ಬರಲಿ, ಬಂದ ಗಳಿಗೆಯಲ್ಲೇ ಅಂಗಡಿಗೆ ಹೋಗಿ ಹೇಳು." ಎರಡನೆಯ ದಿನವೇ ಕಾಗದ ಬಂತು. ಹುಡುಗ ಮಾತ್ರ ಅಂಗಡಿಗೆ ಹೋಗಲಿಲ್ಲ. ನಾಚಿಕೆ. ಈ ಹೊತ್ತು ನಾಳೆ ಎನ್ನುತ್ತ, ಒಂದನೆಯ ತಾರೀಖಿನ ಬೆಳಿಗ್ಗೆ ತಮ್ಮನ ಕೈಯಲ್ಲಿ ಹೇಳಿಕಳುಹಿಸಿ ತಾನು ಬಸ್ಸು ಹತ್ತಿದ. ನಾವೂ ಆ ಮಧ್ಯೆ ಒಮ್ಮೆಯಾದರೂ ಹೋಗಿ "ಹೇಳಿದೆಯೇನಪ್ಪಾ?" ಎಂದು ಕೇಳಲಿಲ್ಲ. ಕೇಳಬೇಕಾಗಿತ್ತು.

ಆ ನಾಲ್ಕು ದಿನಗಳ ಒಳಗೆ ಆದದ್ದೇನು? ಇನ್ನೊಬ್ಬ ಹುಡುಗ ಅದೇ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಿದ್ದ. ಅವನೂ ನಮ್ಮ ಓಣಿಯವನೇ. ತಂದೆಯಿಲ್ಲ. "ಜಾಗ ತುಂಬಿದೆ ತಮ್ಮಾ" ಎಂದು ವ್ಯಾಪಾರಿ ಕಳುಹಿಸಿಬಿಟ್ಟರು. ಅವನು ಮರುದಿನ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋದ. ಅಲ್ಲಿ ಒಂದು ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗು ಮಾಡುತ್ತಿದ್ದಾನಂತೆ. ತಾಯಿ ಇಲ್ಲಿ ಒಬ್ಬಳೇ ಇದ್ದಾಳೆ.

ವ್ಯಾಪಾರಿ ನಡುಬೀದಿಯಲ್ಲಿ ನಮ್ಮನ್ನು ನಿಲ್ಲಿಸಿ, "ಮೇಷ್ಟ್ರೇ, ನೀವು ಕಲಿಸಿದ ಪಾಠ ಇದೇನು?" ಎಂದರು. ಜಗಳ ಹುಟ್ಟಿದ್ದು ಹೀಗೆ.

ಗೆಳೆಯರೇ, ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಕಲಸಿಹೋಗಿವೆ. ಒಪ್ಪಿಕೊಂಡ ಕೆಲಸವನ್ನು ಬಿಟ್ಟು ಹೆಚ್ಚಿನ ಕೂಲಿಯ ಕಡೆ ಹೋಗಬಹುದೇ ಎಂಬುದು ಒಂದು. ಹೇಗೆ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಉತ್ತರ, ಹೋಗಬಹುದು. ಇದನ್ನು ನಾವು ಅಳುಕದೆ ಹೇಳುತ್ತೇವೆ. ಏಕೆಂದರೆ ಹೋಗಕೂಡದು ಎಂಬ ನೀತಿಯನ್ನು ಮೊದಲು ಕಟ್ಟಿದವರು ಯಾರು ಎಂಬುದನ್ನು ನೋಡಿದ್ದೇವೆ.

1859ರಲ್ಲಿ ಇಂಗ್ಲಿಷರ ಸರಕಾರ ಒಂದು ಕಾಯಿದೆ ಮಾಡಿತು. ಆ ವರ್ಷದ ಹದಿಮೂರನೆಯ ಕಾಯಿದೆ. ಅದನ್ನು ಬೇಡಿದವರು ಕಲ್ಕತ್ತೆಯ ಬಿಳಿಯ ವರ್ತಕರು. ಕುಶಲಕರ್ಮಿಯಾಗಲಿ ಕೂಲಿಯಾಗಲಿ ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದಿದ್ದರೆ ಯಜಮಾನ ನೇರವಾಗಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದಾಗಿತ್ತು. ಹಣ ಹಿಂದಕ್ಕೆ ಕೊಡಿಸಬೇಕೋ, ಕೆಲಸವನ್ನೇ ಮಾಡಿಸಬೇಕೋ ಎಂಬ ಆಯ್ಕೆ ಯಜಮಾನನದು. ಮ್ಯಾಜಿಸ್ಟ್ರೇಟರ ಹುಕುಂ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಶಿಕ್ಷೆ. ಯಜಮಾನ ಮಾತು ತಪ್ಪಿದರೆ? ಅವನಿಗೆ ಜೈಲಿಲ್ಲ. ಕೂಲಿಯವನು ಬೇಕಾದರೆ ಸಿವಿಲ್ ದಾವೆ ಹೂಡಿಕೊಳ್ಳಲಿ! ಒಂದೇ ಕರಾರು, ಒಬ್ಬನು ತಪ್ಪಿದರೆ ಅಪರಾಧ, ಇನ್ನೊಬ್ಬನು ತಪ್ಪಿದರೆ ವ್ಯವಹಾರ. ಅರವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕಾಯಿದೆ ನಡೆಯಿತು. ಅಸ್ಸಾಮಿನ ಚಹಾ ತೋಟಗಳಲ್ಲಿ ಇದನ್ನು ಹಿಡಿದು ಆಳುಗಳನ್ನು ಕಟ್ಟಿಹಾಕಿದರು. ಕೊನೆಗೆ 1925ರಲ್ಲಿ ಇದನ್ನು ರದ್ದುಮಾಡಿದರು. ದಂಡ ಸಂಹಿತೆಯಲ್ಲಿಯೂ ಇಂಥದೇ ಒಂದು ಕಲಮಿತ್ತು, ಯಜಮಾನನ ಖರ್ಚಿನಲ್ಲಿ ದೂರದ ಊರಿಗೆ ಹೋದ ಆಳು ಬಿಟ್ಟು ಬಂದರೆ ಶಿಕ್ಷೆ ಎಂಬುದು. ಅದೂ ಅದರ ಜೊತೆಯಲ್ಲೇ ಹೋಯಿತು.

ಸ್ವಾತಂತ್ರ್ಯ ಬಂದ ಮೇಲೆ, 1976ರ ಜೀತ ನಿರ್ಮೂಲನ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುಂಗಡ ತೆಗೆದುಕೊಂಡ ಒಂದೇ ಕಾರಣಕ್ಕೆ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕೆಂದು ಕಟ್ಟುಪಾಡು ಮಾಡಿದರೆ ಅದೂ ಜೀತದ ಲಕ್ಷಣವೇ ಎಂದು ಅದರಲ್ಲಿ ಬರೆದಿದೆ. ಬಿಟ್ಟಿಯಾಗಿ ದುಡಿಸಿಕೊಂಡರೆ ಮಾತ್ರ ಜೀತ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮುಂಗಡ ಕೊಟ್ಟ ಮಾಲೀಕ "ಇದು ತೀರುವ ತನಕ ಬೇರೆ ಮಗ್ಗಕ್ಕೆ ಕೈ ಹಚ್ಚಬೇಡ" ಎಂದರೆ ಆ ಮಾತಿನ ಬೇರು ಎಲ್ಲಿದೆ ಎಂಬುದನ್ನು ಮಗ್ಗದ ಅಣ್ಣಂದಿರು ನೋಡಿಕೊಳ್ಳಬೇಕು.

ಈಗ ಕರಾರಿನ ಕಾಯಿದೆ. ನಾವು ವಕೀಲರಲ್ಲ, ಆದರೂ 1872ರ ಆ ಪುಸ್ತಕವನ್ನು ಓದಿ ತಿಳಿದಷ್ಟನ್ನು ಹೇಳುತ್ತೇವೆ. ಎದುರಿಗೆ ನಿಂತು ಹೂಂ ಎಂದರೆ ಆ ಕ್ಷಣಕ್ಕೇ ಕರಾರು. ಅಂಚೆಯಲ್ಲಿ ಒಪ್ಪಿಗೆ ಬರೆದು ಹಾಕಿದ್ದರೆ, ಆ ಕಾಗದ ಅವರ ಕೈ ಸೇರುವ ಮೊದಲೇ ಬೇಡವೆಂಬ ಸುದ್ದಿ ಮುಟ್ಟಿಸಿದರೆ ಒಪ್ಪಿಗೆ ಹಿಂದಕ್ಕೆ ಬರುತ್ತದೆ. ಕರಾರು ಮುರಿದವನು ಅದರಿಂದ ಸಹಜವಾಗಿ ಆದ ನಷ್ಟವನ್ನು ಕಟ್ಟಿಕೊಡಬೇಕೆಂದು 73ನೆಯ ಕಲಮು ಹೇಳುತ್ತದೆ. ದೂರದ, ಸುತ್ತುಬಳಸಿನ ನಷ್ಟಕ್ಕೆ ಇಲ್ಲ. ಆ ನಷ್ಟವನ್ನು ತಪ್ಪಿಸಿಕೊಳ್ಳಲು ಯಾವ ದಾರಿಯಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದರೆ "ಒಪ್ಪಿದ್ದೀಯೆ, ಬಂದು ದುಡಿ" ಎಂದು ಯಾವ ಕೋರ್ಟೂ ಮನುಷ್ಯನನ್ನು ಎಳೆತಂದು ತಕ್ಕಡಿಯ ಮುಂದೆ ಕೂರಿಸುವುದಿಲ್ಲ.

ಹಾಗೆಂದು ಬರೆದುಕೊಟ್ಟದ್ದಕ್ಕೆಲ್ಲ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಸೇರಿಹೋಯಿತಲ್ಲ, ಅದರ ಒಂದು ಮೊಕದ್ದಮೆ ಇದೆ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂದು ಅಧಿಕಾರಿಯೊಬ್ಬರು ಬಾಂಡು ಬರೆದುಕೊಟ್ಟಿದ್ದರು. 2009ರಲ್ಲಿ ಇನ್ನೊಂದು ಬ್ಯಾಂಕಿನ ಕೆಲಸಕ್ಕಾಗಿ ರಾಜೀನಾಮೆ ಕೊಟ್ಟರು, ಆಕ್ಷೇಪಣೆಯೊಡನೆ ಹಣ ಕಟ್ಟಿದರು, ದಾವೆ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಬಾಂಡು ಸರಿ ಎಂದಿತು. ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಆಳನ್ನು ಹುಡುಕಬೇಕು, ನಡುವೆ ಬಿಟ್ಟರೆ ಆ ಖರ್ಚು ಮತ್ತೆ ಬೀಳುತ್ತದೆ ಎಂಬ ವಾದವನ್ನು ಕೋರ್ಟು ಒಪ್ಪಿತು. ಅಲ್ಲಿಯೂ ಹೋಗಬೇಡ ಎನ್ನಲಿಲ್ಲ, ಹಣ ಕಟ್ಟಿ ಹೋಗು ಎಂದಿತು. ಬ್ಯಾಂಕಿನ ಹಿರಿಯ ಮ್ಯಾನೇಜರಿಗೆ ಹೇಳಿದ ಅಳತೆಯನ್ನು ಉಗ್ರಾಣದ ಗುಮಾಸ್ತೆಗೂ ಹಿಡಿಯಲು ನಾಳೆ ಯಾರಾದರೂ ಹೊರಟರೆ ನಾವು ಸುಮ್ಮನಿರುವುದಿಲ್ಲ, ಅದು ಬೇರೆ ಮಾತು. ಸದ್ಯಕ್ಕೆ, ಓದದೆ ಯಾವ ಬಾಂಡಿಗೂ ರುಜು ಹಾಕಬೇಡಿ. ಅಂಕಪಟ್ಟಿಯ ಮೂಲ ಪ್ರತಿಯನ್ನು ಯಾರ ಬೀರುವಿಗೂ ಒಪ್ಪಿಸಬೇಡಿ, ನಕಲು ಕೊಡಿ.

ಇನ್ನು, ಮಾತಿಗೆ ತಪ್ಪುವುದರಲ್ಲಿ ದೊಡ್ಡವರ ಕಥೆಯನ್ನೂ ಕೇಳಿ. ಬೆಂಗಳೂರಿನ ವಿಪ್ರೊ ಕಂಪನಿ ವರ್ಷಕ್ಕೆ 6.5 ಲಕ್ಷ ಸಂಬಳವೆಂದು ಹೊಸಬರಿಗೆ ಹೇಳಿತ್ತು. ಅವರು ತರಬೇತಿ ಮುಗಿಸಿ ಕಾಯುತ್ತಿದ್ದರು. 2023ರ ಫೆಬ್ರವರಿಯಲ್ಲಿ ಅವರನ್ನು 3.5 ಲಕ್ಷಕ್ಕೆ ಬರುವಿರಾ ಎಂದು ಕೇಳಿತು. ಹೆಚ್ಚುಕಡಿಮೆ ಅರ್ಧ! ಅದನ್ನು ಪತ್ರಿಕೆಗಳು ಮಾರುಕಟ್ಟೆಯ ಪರಿಸ್ಥಿತಿ ಎಂದು ಬರೆದವು. ನಮ್ಮ ಬದಲಿಯ ಮಗ ನಾಲ್ಕೂವರೆ ಸಾವಿರಕ್ಕಾಗಿ ಬಸ್ಸು ಹತ್ತಿದರೆ ಅದು ನಂಬಿಕೆದ್ರೋಹ!

ಬದಲಿ ಎಂದೆವು. ಅವನ ತಂದೆಯ ಸ್ಥಿತಿಯನ್ನೇ ನೋಡಿ. 1946ರ ಸ್ಥಾಯೀ ಆದೇಶಗಳ ಕಾಯಿದೆಯ ಮಾದರಿ ನಿಯಮಗಳಲ್ಲಿ, ತಿಂಗಳ ಸಂಬಳದವರಿಗೆ ಒಂದು ತಿಂಗಳ ನೋಟೀಸು, ಉಳಿದವರಿಗೆ ಎರಡು ವಾರದ್ದು ಎಂದಿತ್ತು. ಮಾಲೀಕ ತೆಗೆದರೂ, ಆಳು ಬಿಟ್ಟರೂ ಅದೇ ಅಳತೆ. ಕೇಳಲು ಚೆನ್ನ. ಆದರೆ ಅದರ ಕೆಳಗೇ, ತಾತ್ಕಾಲಿಕದವನನ್ನು, ಪರೀಕ್ಷಾವಧಿಯವನನ್ನು, ಬದಲಿಯನ್ನು ತೆಗೆಯಲು ನೋಟೀಸು ಬೇಕಿಲ್ಲ ಎಂದೂ ಬರೆದಿತ್ತು. 2025ರ ನವೆಂಬರಿನಲ್ಲಿ ಆ ಕಾಯಿದೆ ಹೋಗಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. ಹಳೆಯದಿದ್ದಷ್ಟು ಕಾಲವೂ ಈ ಮನುಷ್ಯ ದಿನ ಬೆಳಗಾದರೆ ಗೇಟಿನ ಮುಂದೆ ನಿಂತು, ಒಳಗೆ ಕರೆದರೆ ಕೂಲಿ, ಕರೆಯದಿದ್ದರೆ ಮನೆ ಎಂದು ಬದುಕಿದ್ದಾನೆ. ಅವನಿಗೆ ಯಾರೂ ನಾಳೆಯ ಮಾತನ್ನು ಕೊಟ್ಟಿಲ್ಲ. ಆದರೂ ಮಗ ಮಾತಿಗೆ ತಪ್ಪಬಾರದೆಂದು ರಾತ್ರಿ ಹತ್ತು ಗಂಟೆಗೆ ನಮ್ಮ ಮನೆಗೆ ಬಂದವನು ಅವನೇ. ಅದನ್ನು ನೆನೆದರೆ ನಮಗೆ ಅವನ ಮೇಲೆ ಗೌರವವೂ ಹುಟ್ಟುತ್ತದೆ, ಸಿಟ್ಟೂ ಬರುತ್ತದೆ.

ಇಷ್ಟು ಹೇಳಿದ ಮೇಲೆ ವ್ಯಾಪಾರಿ ಅಣ್ಣಂದಿರ ಕಡೆ ತಿರುಗಬೇಕು. ಅವರು ಹಿಂದಿನ ಸಾಲಿನಲ್ಲಿ ನಿಂತು ತಲೆ ಅಲ್ಲಾಡಿಸುವುದು ನಮಗೆ ಕಾಣುತ್ತಿದೆ. ನಿಮ್ಮ ಮಾತು ನಿಜ. ಕಿರಾಣಿ ಅಂಗಡಿ ವಿಪ್ರೊ ಅಲ್ಲ. ಗಿರಣಿಯಲ್ಲಿ ಒಬ್ಬ ಬಾರದಿದ್ದರೆ ಗೇಟಿನ ಮುಂದೆ ನಲವತ್ತು ಜನ ಬದಲಿಗಳಿರುತ್ತಾರೆ. ನಿಮ್ಮಲ್ಲಿ ಇರುವುದೇ ಇಬ್ಬರು. ಒಬ್ಬ ಬಾರದಿದ್ದರೆ ತೂಗುವವರೂ ನೀವೇ, ಲೆಕ್ಕ ಬರೆಯುವವರೂ ನೀವೇ, ಊಟಕ್ಕೆ ಹೋಗಬೇಕಾದರೆ ಬಾಗಿಲು ಎಳೆಯಬೇಕು. ಹಬ್ಬದ ಸಂತೆಯ ವಾರ ಆ ವ್ಯಾಪಾರಿ ಹಾಗೆಯೇ ಒದ್ದಾಡಿದರು, ನಾವು ಕಣ್ಣಾರೆ ನೋಡಿದ್ದೇವೆ. 18,500 ಕೊಡಲು ಅವರಿಂದ ಆಗುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಹಾಗಾದರೆ ಹುಡುಗನ ತಪ್ಪು ಯಾವುದು? ಹೋದದ್ದಲ್ಲ. ನಾಲ್ಕು ದಿನ ಬಾಯಿ ಮುಚ್ಚಿಕೊಂಡದ್ದು. ಕಾಗದ ಬಂದ ಸಂಜೆಯೇ ಅಂಗಡಿಗೆ ಹೋಗಿ, ಮುಂಗಡವನ್ನು ಗಲ್ಲದ ಮೇಲೆ ಇಟ್ಟು, "ಅಣ್ಣಾ, ಹೀಗಾಯಿತು, ನಾನು ಬರಲಾರೆ" ಎಂದಿದ್ದರೆ ವ್ಯಾಪಾರಿ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಮರುದಿನ ಬಂದ ಆ ಇನ್ನೊಬ್ಬ ಹುಡುಗನನ್ನು ಕೂರಿಸಿಕೊಳ್ಳುತ್ತಿದ್ದರು. ನಷ್ಟವೆಲ್ಲ ಹತ್ತು ನಿಮಿಷದ ನಾಚಿಕೆಯಲ್ಲಿ ತೀರುತ್ತಿತ್ತು. ಆ ಹತ್ತು ನಿಮಿಷ ತಪ್ಪಿಸಿಕೊಂಡದ್ದಕ್ಕೆ ಬೆಲೆ ತೆತ್ತವನು ವ್ಯಾಪಾರಿಗಿಂತ ಹೆಚ್ಚಾಗಿ ಆ ತಂದೆಯಿಲ್ಲದ ಹುಡುಗ. ಮಾಲೀಕನಿಗೆ ಮೋಸ ಮಾಡಿದೆ ಎಂದು ಅವನಿಗೆ ನಾವು ಬುದ್ಧಿ ಹೇಳುವುದಿಲ್ಲ. ನಿನ್ನಂಥವನೇ ಇನ್ನೊಬ್ಬನ ಜಾಗವನ್ನು ನೀನೂ ಕೂರದೆ, ಅವನಿಗೂ ಬಿಡದೆ ಹಿಡಿದಿಟ್ಟೆ ಎಂದು ಹೇಳಿದ್ದೇವೆ. ಹೇಳುವಾಗ ನಮಗೂ ಅದರಲ್ಲಿ ಪಾಲಿದೆ ಎಂಬುದನ್ನು ಮರೆತಿಲ್ಲ.

ವ್ಯಾಪಾರಿಗಳಿಗೂ ಒಂದು ಮಾತು. ಮುಂದೆ ಯಾರನ್ನಾದರೂ ಗೊತ್ತುಮಾಡಿಕೊಂಡಾಗ ಎರಡನೆಯವನ ಹೆಸರು, ಫೋನು ನಂಬರು ಬರೆದಿಟ್ಟುಕೊಳ್ಳಿ. ಬರುವವನು ಖಂಡಿತ ಬರುತ್ತಾನೆಯೇ ಎಂದು ಎರಡು ದಿನ ಮುಂಚೆ ನೀವೇ ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಹುಡುಗ ಕಳೆದ ವಾರ ಊರಿಗೆ ಬಂದಿದ್ದ. ಮುಂಗಡದ 2,000 ರೂಪಾಯಿಯನ್ನು ತಾನೇ ಕೈಯಾರೆ ಕೊಟ್ಟುಬಂದ. ನಾವೂ ಜೊತೆಯಲ್ಲಿ ಹೋಗಿದ್ದೆವು. ವ್ಯಾಪಾರಿ ಎಣಿಸದೆ ಗಲ್ಲಕ್ಕೆ ಹಾಕಿಕೊಂಡರು, ಅವನ ಮುಖ ನೋಡಲಿಲ್ಲ. ಅವನ ತಂದೆಯ ಉದ್ರಿ ಖಾತೆಯನ್ನು ಮಾತ್ರ ಇನ್ನೂ ಮುಚ್ಚಿಲ್ಲ. ಬೆಂಗಳೂರಿಗೆ ಹೋದ ಹುಡುಗನಿಗೆ ನಾವು ಫೋನು ಮಾಡಿ ಕೇಳಿದೆವು. ಅಲ್ಲಿ ಆರು ತಿಂಗಳು ಇರುತ್ತೇನೆಂದು ಒಪ್ಪಿಕೊಂಡಿದ್ದೇನೆ, ಈಗಲೇ ಬಿಟ್ಟು ಬರುವುದು ಸರಿಯಲ್ಲ ಎಂದ.

ಆದುದರಿಂದ ಆ ಅಂಗಡಿಯಲ್ಲಿ ಲೆಕ್ಕ ಬರೆಯುವ ಜಾಗ ಇನ್ನೂ ಖಾಲಿಯಿದೆ. ಸಂಬಳವನ್ನು 15,000ಕ್ಕೆ ಏರಿಸಿದ್ದಾರೆ. ನಿಮ್ಮ ಮನೆಗಳಲ್ಲಿ ಹತ್ತನೆಯ ತರಗತಿ ದಾಟಿದ ಮಕ್ಕಳಿದ್ದರೆ, ಹುಡುಗಿಯರಾದರೂ ಆಗಬಹುದು ಎಂದಿದ್ದಾರೆ, ಸಭೆ ಮುಗಿದ ಮೇಲೆ ನಮ್ಮನ್ನು ಬಂದು ಕಾಣಿ.