ಸಕ್ಕರೆ ಬಿಟ್ಟು ನ್ಯಾಫ್ತಲೀನ್ ತಿನ್ನುವ ಜೀವಿ



ಮಂಡ್ಯದವರ ಮುಂದೆ ಒಂದು ತಟ್ಟೆಯಲ್ಲಿ ಸಕ್ಕರೆ, ಇನ್ನೊಂದರಲ್ಲಿ ನ್ಯಾಫ್ತಲೀನ್ ಗುಳಿಗೆ ಇಟ್ಟರೆ ಯಾವುದಕ್ಕೆ ಕೈ ಹಾಕುತ್ತಾರೆ? ಪ್ರಶ್ನೆ ತಮಾಷೆಯೆನಿಸಬಹುದು. ಆದರೆ ಸಕ್ಕರೆಯನ್ನು ಬದಿಗೆ ಸರಿಸಿ, ನಾವು ಟ್ರಂಕಿನ ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನನ್ನೇ ಮೊದಲು ಮುಗಿಸುವ ಜೀವಿಯೊಂದು ನಮ್ಮ ದೇಶದ ಮಣ್ಣಿನಲ್ಲೇ ಉಂಟು.

ಅದಕ್ಕೆ ಮೊದಲು ನಮ್ಮ ಗದ್ದೆಯ ಮಾತು. ಮದ್ದೂರಿನ ಬಳಿ ನಮ್ಮ ತಂದೆಯವರು ಡೀಸೆಲ್ ಎಂಜಿನ್ನಿನಿಂದ ನೀರೆತ್ತುತ್ತಿದ್ದರು. ಎಂಜಿನ್ನಿನ ಹಳೆಯ ಎಣ್ಣೆಯನ್ನು ಅಲ್ಲೇ ನೆಲಕ್ಕೆ ಚೆಲ್ಲುವುದು ನನ್ನ ಕೆಲಸ. ಚಾಪೆಯಗಲ ನೆಲ ಕಪ್ಪಾಗಿ, ಹುಲ್ಲೂ ಹುಟ್ಟದಾಯಿತು. ಒಂದು ಮಳೆಗಾಲ ಪಕ್ಕದ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲಿತು. “ಏನ್ಲಾ ಮಗ, ನೀರೆಲ್ಲಾ ಎಣ್ಣೆ ನಾತ ಹೊಡೀತದೆ” ಎಂದು ಆ ಮನೆಯ ಅಜ್ಜಿ ಕೇಳಿದಾಗ ನಾನು ತಲೆ ತಗ್ಗಿಸಿದೆ. ಎಂಜಿನ್ ತೆಗೆದ ಕೆಲವು ವರ್ಷಗಳ ಮೇಲೆ ಆ ಕಪ್ಪು ನೆಲದ ಅಂಚಿನಿಂದ ಗರಿಕೆ ಒಳಕ್ಕೆ ಹಬ್ಬತೊಡಗಿತು. ಏಕೆಂಬುದು ಬಿ.ಎಸ್‌ಸಿ. ಓದುವಾಗ ತಿಳಿಯಿತು.

ಡೀಸೆಲ್, ಸೀಮೆಎಣ್ಣೆ, ನ್ಯಾಫ್ತಲೀನ್ ಎಲ್ಲವೂ ಹೈಡ್ರೋಕಾರ್ಬನ್‌ಗಳು, ಇಂಗಾಲ, ಜಲಜನಕಗಳಿಂದಾದವು. ಇವು ನಮಗೆ ವಿಷ, ಮಣ್ಣಿನ ಕೆಲವು ಬ್ಯಾಕ್ಟೀರಿಯಗಳಿಗೆ ಆಹಾರ. ನ್ಯಾಫ್ತಲೀನಿನಲ್ಲಿ 10 ಇಂಗಾಲದ ಪರಮಾಣುಗಳು ಎರಡು ಬಳೆಗಳಾಗಿ ಬೆಸೆದಿವೆ. ಬ್ಯಾಕ್ಟೀರಿಯದ ಕಿಣ್ವವು ಬಳೆಗೆ ಆಮ್ಲಜನಕವನ್ನು ಜೋಡಿಸುತ್ತದೆ. ಮುಂದಿನ ಹಂತಗಳಲ್ಲಿ ಬಳೆ ಒಡೆಯುತ್ತದೆ. ಒಂದಿಷ್ಟು ಇಂಗಾಲ ಜೀವಿಯ ಮೈಗೆ ಸೇರುತ್ತದೆ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ.ಎಸ್. ವೈದ್ಯನಾಥನ್ ಮತ್ತು ಸಂಗಡಿಗರು ಇಂಥದೊಂದು ಮಣ್ಣಿನ ಬ್ಯಾಕ್ಟೀರಿಯದ ಅಧ್ಯಯನವನ್ನು 1994ರಲ್ಲಿ ಪ್ರಕಟಿಸಿದರು. ಅದರ ಹೆಸರು ಸ್ಯೂಡೊಮೊನಾಸ್ ಸಿಎಸ್‌ವಿ 86. ಅನೇಕ ಬ್ಯಾಕ್ಟೀರಿಯಗಳು ಗ್ಲೂಕೋಸ್ ಸಿಕ್ಕರೆ ಮೊದಲು ಅದನ್ನೇ ತಿನ್ನುತ್ತವೆ. ಇದು ಮಾತ್ರ ಎರಡೂ ಇದ್ದಾಗ ನ್ಯಾಫ್ತಲೀನಿನಂಥವನ್ನು ಮೊದಲು ತಿಂದು, ಆಮೇಲೆ ಗ್ಲೂಕೋಸಿಗೆ ಬರುತ್ತದೆಂದು ಮುಂಬಯಿಯ ಐ.ಐ.ಟಿ. ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಮಲಿನ ನೆಲದಲ್ಲಿ ಬೇರೆ ಆಹಾರವಿದ್ದರೂ ವಿಷವನ್ನೇ ಮೊದಲು ಹುಡುಕುವ ಜೀವಿ ಎಷ್ಟು ಉಪಯುಕ್ತ, ಯೋಚಿಸಿ!

ಹಾಗಾದರೆ ನಮ್ಮ ಕಪ್ಪು ನೆಲ ಹಸಿರಾಗಲು ವರ್ಷಗಳೇಕೆ ಬೇಕಾದವು? ಬರೀ ಅನ್ನದಿಂದ ಊಟವಾಗದು. ಸುಮಾರು 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಬೇಕು. ಜೊತೆಗೆ ಗಾಳಿ ಮತ್ತು ತೇವ. ಎಣ್ಣೆಯಲ್ಲಿ ಸಾರಜನಕ, ರಂಜಕಗಳು ಇಲ್ಲವೆನ್ನುವಷ್ಟು ಕಡಿಮೆ. 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿದಾಗ, ದಡಕ್ಕೆ ಗೊಬ್ಬರ ಹಾಕಿ ಅಲ್ಲಿನ ಬ್ಯಾಕ್ಟೀರಿಯಗಳಿಗೆ ಬಲ ಕೊಟ್ಟದ್ದು ಇದಕ್ಕಾಗಿಯೇ. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದು. ಅಲ್ಲಿ ಎಣ್ಣೆ ಬಹುಕಾಲ ಉಳಿಯುತ್ತದೆ.

ನೀವೇ ನೋಡಿ. ಅಧ್ಯಾಪಕರ ಸಮ್ಮುಖದಲ್ಲಿ, ಬೆಂಕಿಯಿಂದ ದೂರ, ಬಯಲಿನಲ್ಲಿ ಎರಡು ಕುಂಡಗಳಿಗೆ ಒಂದೇ ಅಳತೆಯ ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಚಮಚ ಡೀಸೆಲ್ ಬೆರೆಸಿ. ಒಂದನ್ನು ತೇವವಾಗಿಟ್ಟು ವಾರಕ್ಕೊಮ್ಮೆ ಕೆದಕಿ. ಇನ್ನೊಂದರಲ್ಲಿ ನೀರು ನಿಲ್ಲಿಸಿ. ಮೂರು ತಿಂಗಳಾದ ಮೇಲೆ ನೀರು ಬಸಿದು ಎರಡಕ್ಕೂ ರಾಗಿ ಬಿತ್ತಿ, ಮೊಳಕೆ ಎಣಿಸಿ.

ಆದರೆ ಒಂದು ಎಚ್ಚರಿಕೆ. ಬ್ಯಾಕ್ಟೀರಿಯ ಇದೆಯೆಂದು ಎಣ್ಣೆ ಚೆಲ್ಲುವುದು ತರವಲ್ಲ. ಬಳಸಿದ ಎಂಜಿನ್ ಎಣ್ಣೆಯಲ್ಲಿರುವ ಲೋಹಗಳನ್ನು ಯಾವ ಬ್ಯಾಕ್ಟೀರಿಯವೂ ಇಲ್ಲವಾಗಿಸಲಾರದು. ಬಾವಿಗಿಳಿದ ಎಣ್ಣೆಯನ್ನು ಗದ್ದೆಯ ಮೇಲ್ಮಣ್ಣಿನ ಬ್ಯಾಕ್ಟೀರಿಯ ಹಿಂದಕ್ಕೆ ತರಲಾರದು. ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು, ಮರುಶುದ್ಧಿಗೆ ಕೊಂಡೊಯ್ಯುವ ಪರವಾನಗಿ ಉಳ್ಳವರಿಗೆ ಕೊಡುವಂತೆ ನಿಮ್ಮೂರಿನ ಗ್ಯಾರೇಜಿನವರಿಗೂ, ಮನೆಯ ಹಿರಿಯರಿಗೂ ಹೇಳಿ. ಅಜ್ಜಿಯ ಪ್ರಶ್ನೆಗೆ ಅಂದು ನಾನು ಕೊಡಲಾರದ ಉತ್ತರ ಅದೇ.