ಸೇವೆ ಮಾಡುವವರ ಮನಸ್ಸು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಸಮಾಜಸೇವೆ’ಯ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಸೇವೆ ಮಾಡಿ ಎನ್ನುವ ಭಾಷಣಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಯಾಕೆ ಮಾಡುತ್ತೇವೆ ಎಂದು ನಮ್ಮನ್ನೇ ಕೇಳಿಕೊಳ್ಳುವುದು ಕಡಿಮೆ. ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ನಮ್ಮ ಸಭೆಗಳಲ್ಲಿ ‘ಸೇವೆ’ ಎನ್ನುವುದು ವಾರವಾರವೂ ಕಿವಿಗೆ ಬೀಳುವ ಮಾತು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ.

ಪಾದ್ರಿಗಳು ಶಾಲೆ, ಆಸ್ಪತ್ರೆ ಕಟ್ಟಿದ್ದು ಯಾಕೆ ಎಂದು ನಮ್ಮೂರ ಕಟ್ಟೆಯ ಮೇಲೆ ಕೇಳಿದರೆ ‘ಮತಾಂತರಕ್ಕೆ’ ಎನ್ನುವ ಉತ್ತರ ಬರುತ್ತದೆ. ಆ ಮಾತಿಗೆ ನಾನು ಸಿಟ್ಟಾಗುವುದಿಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರುವುದಕ್ಕೇ. ಅದನ್ನು ಅವರು ಮುಚ್ಚಿಡಲೂ ಇಲ್ಲ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಕೂಡ ಅದೇ ಕೆಲಸಕ್ಕೆ ಬಂದವರು. ಆದರೆ ತಲೆ ಎಣಿಸುವುದಷ್ಟೇ ಗುರಿಯಾಗಿದ್ದರೆ ಜೈನ ಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸುತ್ತ ಕೂರುವ ಅಗತ್ಯ ಅವರಿಗೇನಿತ್ತು? 1894ರಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಬಂದ ಉದ್ದೇಶ ಒಂದು, ಹಿಡಿದ ಪ್ರೀತಿ ಇನ್ನೊಂದು. ಎರಡೂ ಒಂದೇ ಎದೆಯಲ್ಲಿ ಇದ್ದಿರಬಹುದು. ಇದು ಭಾಗ ಮಾಡಿ ತೂಗುವ ಲೆಕ್ಕವಲ್ಲ.

ಕನ್ನಡಿಗರಂತೂ ಉದ್ದೇಶ ಕೇಳದೆ ನಿಘಂಟನ್ನು ಮನೆಯೊಳಗೆ ಇಟ್ಟುಕೊಂಡರು. ಸರಿಯೇ. ಉಣ್ಣುವವನು ಬಡಿಸುವವನ ಮನಸ್ಸನ್ನು ನೋಡಬೇಕಾಗಿಲ್ಲ. ಅದನ್ನು ನೋಡಿಕೊಳ್ಳಬೇಕಾದವನು ಬಡಿಸುವವನೇ.

ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ, ದಾನ ಕೊಡುವಾಗ ತುತ್ತೂರಿ ಊದಿಸುವವರ ಪ್ರಸ್ತಾಪ ಬರುತ್ತದೆ. ಅವರಿಗೆ ಬರಬೇಕಾದ ಕೂಲಿ ಆಗಲೇ ಬಂದಾಯಿತು ಎಂದು ಯೇಸುಸ್ವಾಮಿ ಹೇಳುತ್ತಾರೆ. ಹೊಗಳಿಕೆ ಬೇಕಿತ್ತು, ಸಿಕ್ಕಿತು, ಲೆಕ್ಕ ಚುಕ್ತಾ. ತುತ್ತೂರಿಯನ್ನು ಗುರುತಿಸುವುದು ಸುಲಭ. ಈಗ ಅದು ಮೊಬೈಲಿನಲ್ಲೇ ಇದೆ. ಗುರುತಿಸಲು ಕಷ್ಟವಾದದ್ದು ಇನ್ನೊಂದು: ‘ನಾನಿಲ್ಲದಿದ್ದರೆ ಇವರಿಗೆ ನಡೆಯುವುದಿಲ್ಲ’ ಎನ್ನುವ ಒಳಗಿನ ಸುಖ. ಬೆಂಗಳೂರಿನಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಗಣಿತ ಹೇಳಿಕೊಡುವ ನಮ್ಮಂಥವರು ಬಹಳ ಜನ ಇದ್ದಾರೆ. ಒಬ್ಬ ಹುಡುಗ ಒಂದು ದಿನ, ‘ಸಾರ್, ಇನ್ನು ನಾನೇ ಓದಿಕೊಳ್ತೀನಿ, ನೀವು ಬರೋದು ಬೇಡ’ ಅಂದರೆ ನಮಗೆ ಖುಷಿಯಾಗುತ್ತದೋ, ಮುಖ ಸಪ್ಪಗಾಗುತ್ತದೋ? ಪರೀಕ್ಷೆ ಅಲ್ಲಿದೆ. ಅವನಿಗಲ್ಲ, ನಮಗೆ.

ಲೂಕನ ಸುವಾರ್ತೆಯಲ್ಲಿ ಹತ್ತು ಜನ ಕುಷ್ಠರೋಗಿಗಳ ಕಥೆ ಇದೆ. ಹತ್ತೂ ಜನರಿಗೆ ವಾಸಿಯಾಯಿತು. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಹೊರಗಿನವನೆನಿಸಿಕೊಂಡಿದ್ದ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಎಂದು ಯೇಸುಸ್ವಾಮಿ ಕೇಳುತ್ತಾರೆ. ಆದರೆ ಆ ಒಂಬತ್ತು ಜನರಿಗೆ ರೋಗ ಮರಳಿ ಬಂತು ಎಂದು ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಕ್ರೈಸ್ತ ಸೇವೆಯ ಅಳತೆಗೋಲು ಇದೇ. ಔಷಧಿ ಕೊಡುವಾಗ ಇವನು ಭಾನುವಾರ ಪ್ರಾರ್ಥನೆಗೆ ಬಂದಾನೋ ಎಂದು ಲೆಕ್ಕ ಹಾಕಿದರೆ ಅದು ಸೇವೆಯಲ್ಲ, ಸಾಲ. ಈ ಮಾತನ್ನು ನಮ್ಮ ಸಭೆಯ ಯುವಜನರ ಕೂಟದಲ್ಲೂ ಹೇಳಿದ್ದೇನೆ. ಎಲ್ಲರಿಗೂ ರುಚಿಸಲಿಲ್ಲ.

ಹಾಗಾದರೆ ಮನಸ್ಸು ಪೂರ್ತಿ ಶುದ್ಧವಾಗುವ ತನಕ ಕೈಕಟ್ಟಿ ಕೂರಬೇಕೇ? ಕೂತರೆ ಯಾರೂ ಏಳುವುದಿಲ್ಲ. ನಾವು ಸಾಫ್ಟ್‌ವೇರಿನವರು, ಜನ ಬಳಸುತ್ತಿರುವಾಗಲೇ ದೋಷ ಹುಡುಕಿ ಸರಿಮಾಡುತ್ತ ಹೋಗುತ್ತೇವೆ. ಮನಸ್ಸಿನ ರಿಪೇರಿಯೂ ಹಾಗೇ, ಕೆಲಸ ನಡೆಯುತ್ತಿರುವಾಗಲೇ ಆಗಬೇಕು.

ಈಗ ನಮ್ಮ ಮನೆಯ ವಿಷಯ. ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ಎರಡು ಪ್ರಸ್ತಾವಗಳಿವೆ. ಒಂದು, ಸ್ಮಾರ್ಟ್ ಕ್ಲಾಸ್. ಬಾಗಿಲ ಪಕ್ಕ ದಾನಿಗಳ ಹೆಸರಿನ ಗ್ರಾನೈಟ್ ಫಲಕ. ಎರಡನೆಯದು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕು, ಪೈಪು, ಸ್ವಚ್ಛ ಮಾಡುವವರಿಗೆ ತಿಂಗಳ ಸಂಬಳ. ಅಲ್ಲಿ ಯಾರೂ ಹೆಸರು ಕೆತ್ತಿಸುವುದಿಲ್ಲ, ಖರ್ಚು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಸ್ಮಾರ್ಟ್ ಕ್ಲಾಸ್ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವುದು ಮೊದಲು ಎಂದು ವಿಜ್ಞಾನದ ಮೇಡಂ ಹುಡುಗಿಯರನ್ನೇ ಕೇಳಿದ್ದಾರೆ. ಉತ್ತರ ಹೇಳಲು ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲವಂತೆ. ಊಟ ಮುಗಿದ ಮೇಲೆ ಹತ್ತನೇ ತರಗತಿಯ ಕೊಠಡಿಯಲ್ಲಿ ಸೇರೋಣ. ಖರ್ಚಿನ ಪಟ್ಟಿ ನನ್ನ ಹತ್ತಿರ ಇದೆ. ಮೇಡಂ, ನೀವೂ ದಯವಿಟ್ಟು ಬನ್ನಿ.