ತಮ್ಮನು ಉಳಿಸಿದ ತಾಯಿಯ ಹೆಸರು



ಹೈದರಾಬಾದಿನ ಉತ್ತರಕ್ಕೆ, ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟವೆಂಬ ಬೆಟ್ಟವಿದೆ. ಅಲ್ಲಿನ ಬಂಡೆಯಲ್ಲಿ ಚಕ್ರೇಶ್ವರಿಯ ಮತ್ತು ಜಿನರ ಬಿಂಬಗಳೊಡನೆ ಹತ್ತನೆಯ ಶತಮಾನದ ಒಂದು ಶಾಸನವಿದೆ. ಅದನ್ನು ಬರೆಯಿಸಿದವನು ಆದಿಕವಿ ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಆ ಒಂದೇ ಬಂಡೆಯ ಮೇಲಿವೆ.

ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದನು. ವಿಕ್ರಮಾರ್ಜುನ ವಿಜಯವೂ ಅವನದೇ. ಆದರೆ ಅವನ ಹೆತ್ತ ತಾಯಿಯ ಹೆಸರು ಆ ಮಹಾಕಾವ್ಯಗಳಿಂದ ತಿಳಿದುಬರುವುದಿಲ್ಲ. ಅಬ್ಬಣಬ್ಬೆಯೆಂಬ ಹೆಸರನ್ನೂ ಆಕೆಯ ಅಣ್ಣಿಗೇರಿಯ ಮನೆತನವನ್ನೂ ಉಳಿಸಿದುದು ತಮ್ಮನ ಶಾಸನ. ಮನೆಯಲ್ಲಿ ಒಬ್ಬನೇ ಬರೆದರೆ, ಅವನು ಮಹಾಕವಿಯೇ ಆಗಿದ್ದರೂ, ಮನೆಯ ಕಥೆ ಪೂರ್ಣವಾಗುವುದಿಲ್ಲ.

ಇಂದು ಹೈದರಾಬಾದಿನಲ್ಲಿ ಬೆಳೆಯುವ ಕನ್ನಡ ಜೈನ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡವು ಅನೇಕ ಮನೆಗಳಲ್ಲಿ ಅಜ್ಜಿಯೊಡನೆ ಮಾತ್ರ. ಅಜ್ಜಿ ಇಲ್ಲವಾದ ದಿನ ಭಾಷೆಯೂ ಕಥೆಯೂ ಒಟ್ಟಿಗೆ ಮನೆ ಬಿಡುತ್ತವೆ. ಇದಕ್ಕೆ ಸಮಾಜ ಕಂಡುಕೊಂಡಿರುವ ಪರಿಹಾರ ಕಂಠಪಾಠ. ಸ್ತೋತ್ರ ಒಪ್ಪಿಸುವುದು ಒಳ್ಳೆಯದೇ. ಆದರೆ ಅದರಲ್ಲಿ ಮಗುವಿನ ಸ್ವಂತ ಮಾತಿಗೆ ಎಡೆಯಿಲ್ಲ. ಕಥೆ ಬರೆಯುವುದರಲ್ಲಿ ಆ ಎಡೆಯಿದೆ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗೆ ಸಂಜೆಯೆಂಬುದು ಬಿಡುವಿನ ಸಂಪತ್ತು. ವಾರಕ್ಕೊಂದು ಸಂಜೆ ಸಾಕು. ಅಜ್ಜಿ ತನ್ನ ತವರಿನ ಒಂದು ಸಂಗತಿಯಿಂದ ಆರಂಭಿಸಲಿ. ಮಗು ಮುಂದಿನದನ್ನು ಕಲ್ಪಿಸಲಿ. ತಂದೆ ಒಂದು ಪಾತ್ರವನ್ನು, ತಾಯಿ ಒಂದು ತಿರುವನ್ನು ಸೇರಿಸಲಿ. ಬರೆಯುವ ಕೈ ಮಗುವಿನದೇ ಆಗಿರಲಿ. ಕನ್ನಡ ಅಕ್ಷರ ಬಾರದ ಮಗು ಮೊದಲು ತೆಲುಗು ಲಿಪಿಯಲ್ಲಿಯೇ ಕನ್ನಡ ಬರೆಯಲಿ. ಒಂದೇ ಮೂಲದ ಈ ಎರಡು ಲಿಪಿಗಳ ನಡುವಿನ ದಾರಿ ದೂರವಲ್ಲ. ಕಾಗುಣಿತವನ್ನು ಮರುದಿನ ತಿದ್ದಿದರಾಯಿತು. ಕೊನೆಯಲ್ಲಿ ನೀತಿ ಇರಲೇಬೇಕೆಂಬ ಒತ್ತಾಯ ಬೇಡ. ಪುಟದ ಅಡಿಯಲ್ಲಿ ಎಲ್ಲರ ಹೆಸರೂ ಇರಲಿ, ಅಜ್ಜಿಯದು ಮೊದಲು.

ಸಮಯವಿಲ್ಲವೆನ್ನುವ ತಂದೆಯರು ಒಂದನ್ನು ನೆನೆಯಬೇಕು. ರಾಜ್ಯವಾಳುತ್ತಿದ್ದ ವೃಷಭದೇವನೇ ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ಕಲಿಸಿದನೆಂದು ಪುರಾಣವು ಹೇಳುತ್ತದೆ. ಆ ವಿದ್ಯೆಯನ್ನು ಆತನು ಇನ್ನೊಬ್ಬರಿಗೆ ಒಪ್ಪಿಸಲಿಲ್ಲ.

ಆದುದರಿಂದ ಮುಂದಿನ ದಶಲಕ್ಷಣ ಪರ್ವದಲ್ಲಿ ಸ್ತೋತ್ರಸ್ಪರ್ಧೆಯ ಜೊತೆಗೆ ಮನೆಮನೆಯ ಕಥೆಗಳ ವಾಚನಕ್ಕೂ ಒಂದು ಸಂಜೆ ಮೀಸಲಾಗಲಿ. ಅದಕ್ಕೆ ಬಹುಮಾನ ಬೇಡ. ಕೇಳಲು ಅಜ್ಜಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಸಾಕು.

ಜೈ ಜಿನೇಂದ್ರ.